ಲ್ಯಾಪ್‌ಟಾಪಿನ ಅಮಾವಾಸ್ಯೆ

ನಮ್ಮ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇಲ್ಲ. ಅದನ್ನು ಗಡೀಪಾರು ಮಾಡಿದವನು ನಾನೇ. ನನ್ನ ಕಂಪ್ಯೂಟರಿನೊಳಗೆ ಒಂದು ಪಂಚಾಂಗದ ಪ್ರೋಗ್ರಾಂ ಉಂಟು. ಬಿಸು ಹಬ್ಬ ಯಾವತ್ತು, ಮೀನು ತಿನ್ನಬಾರದ ಸಂಕ್ರಮಣ ಯಾವತ್ತು, ಎಲ್ಲವನ್ನೂ ಹೇಳುತ್ತದೆ. (ಹೇಳುತ್ತಿತ್ತು.) ಸುತ್ತಿನ ಮನೆಯವರೂ ತಿಥಿ ಕೇಳಲು ‘ಮಾಷ್ಟ್ರೇ’ ಎಂದು ನನ್ನ ಜಗಲಿಗೇ ಬರುವುದು.

ಹೋದ ವರ್ಷದ ಕೊನೆಗೆ ಹಳೆಯ ಕಂಪ್ಯೂಟರ್ ಸ್ವರ್ಗಸ್ಥವಾಯಿತು. ಈ ಮಳೆಗಾಲದಲ್ಲಿ ಹೊಸ ಲ್ಯಾಪ್‌ಟಾಪ್ ತಂದು, ಹಳೆಯ ಪ್ರೋಗ್ರಾಮನ್ನು ಅದರೊಳಗೆ ಪ್ರತಿಷ್ಠಾಪಿಸಿದರೆ, ‘ಇದು ಇಲ್ಲಿ ನಡೆಯುವುದಿಲ್ಲ’ ಎಂದಿತು.

“ಎಂತ ಹೇಳ್ತದೆ?” ಹೆಂಡತಿ ಸತ್ಯವತಿ ಅಡಿಗೆಮನೆಯಿಂದಲೇ ಕೇಳಿದಳು.

“ಸ್ವಲ್ಪ ಹೊಂದಾಣಿಕೆ ಸಾಲದಂತೆ.”

“ಸೀತಾಂಗೋಳಿಯ ಅಂಗಡಿಯಲ್ಲಿ ಕ್ಯಾಲೆಂಡರ್ ಉಂಟು. ತರ್ಲಾ?”

“ಈ ಮನೆಗೆ ಕ್ಯಾಲೆಂಡರ್ ಬಂದ್ರೆ ನಾನು ಮತ್ತೆ ಕಂಪ್ಯೂಟರ್ ಮುಟ್ಟುವುದಿಲ್ಲ!”

“ಹಾಗಾದ್ರೆ ಎರಡು ತರ್ತೇನೆ.”

ಇನ್ನು ಅದು ನನ್ನ ಮಾನದ ಪ್ರಶ್ನೆ. ‘ಕಂಪ್ಯಾಟಿಬಿಲಿಟಿ’ ಎಂಬಲ್ಲಿ ಹೋಗಿ, ಹಳೆಯ ವಿಂಡೋಸಿನ ಹಾಗೆ ನಡೆ ಎಂದು ಗುರುತು ಹಾಕಿದೆ. (ಹೊಸ ಮನೆಗೆ ಬಂದ ಅಜ್ಜಿಗೆ ‘ಇದು ನಿಮ್ಮ ತವರೇ’ ಎಂದು ನಂಬಿಸುವ ಉಪಾಯ.) ಅಜ್ಜಿ ಕಣ್ಣು ತೆರೆದಳು, ಮತ್ತೆ ಮುನಿದಳು: ‘ಈ ಇಸವಿ ನನಗೆ ಗೊತ್ತಿಲ್ಲ.’ ಪಾಪ, ಆ ಪ್ರೋಗ್ರಾಂ ಮಾಡಿದವನು ಅದನ್ನು ಯಾರಾದರೂ ಇಷ್ಟು ವರ್ಷ ಇಟ್ಟುಕೊಂಡಾರೆಂದು ಎಣಿಸಿರಲಿಲ್ಲ. ನಾನು ಬಿಡುವವನೇ? ಲ್ಯಾಪ್‌ಟಾಪಿನ ಇಸವಿಯನ್ನೇ ಒಂದು ದಶಕ ಹಿಂದಕ್ಕೆ ತಳ್ಳಿದೆ. ಕೂಡಲೇ ಪಂಚಾಂಗ ಹೂವಿನಂತೆ ಅರಳಿತು. ‘ನಾಳೆ ಆಟಿ ಅಮಾವಾಸ್ಯೆ!’

ಆಟಿ ತಿಂಗಳ ಅಮಾವಾಸ್ಯೆಯೆಂದರೆ, ಬೆಳಕು ಹರಿಯುವ ಮೊದಲೇ ಪಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅರೆದು, ಬರಿಹೊಟ್ಟೆಗೆ ಕಷಾಯ ಕುಡಿಯಬೇಕು. ವರ್ಷವಿಡೀ ರೋಗ ಬರುವುದಿಲ್ಲವಂತೆ. ಆ ಕಹಿಗೆ ರೋಗ ಮಾತ್ರವಲ್ಲ, ರೋಗಿಯೂ ಓಡಿಯಾನು.

“ನಾಳೆಯಾ? ಯಾರೂ ಹೇಳಿದ್ದು ಕೇಳ್ಲಿಲ್ಲ,” ಅಂದಳು ಸತ್ಯವತಿ.

“ಯಾರು ಹೇಳುವುದು? ನಾನೇ ಅಲ್ವಾ ಊರಿಗೆ ಹೇಳುವವ!”

ಪಕ್ಕದ ಮನೆಯ ಉಗ್ಗಪ್ಪಣ್ಣನಿಗೆ ಬೇಲಿಯಿಂದಲೇ ಕೂಗಿ ಹೇಳಿದೆ. ನಸುಕಿಗೆ ಒಬ್ಬನೇ ಗುಡ್ಡೆ ಹತ್ತಿ ತೊಗಟೆ ತಂದೆ. ಸತ್ಯವತಿ ಗೊಣಗುತ್ತಲೇ ಅರೆದು ಕಷಾಯ ಮಾಡಿದಳು. ಜಗಲಿಯಲ್ಲಿ ನಾನೂ ಉಗ್ಗಪ್ಪಣ್ಣನೂ ಒಂದೇ ಗುಟುಕಿಗೆ ಕುಡಿದೆವು. ಅವನ ಮುಖ ಕಿವುಚಿದ ಹುಣಸೆಹಣ್ಣಿನಂತಾಯಿತು. ನನ್ನದನ್ನು ನಾನು ನೋಡಲಿಲ್ಲ.

ಸತ್ಯವತಿ ಮಾತ್ರ ತುಂಬಿದ ಲೋಟ ಹಿಡಿದು ನಿಂತಿದ್ದಳು. “ಟಾರ್ಚ್ ಇಲ್ಲಿಯೇ ಬಿಟ್ಟು ಹೋಗಿದ್ದೀರಿ ಮಾರಾಯ್ರೆ! ಕತ್ತಲಿಗೆ ಬೇರೆ ಯಾವುದೋ ಮರದ್ದು ತಂದ್ರೆ ನಾವು ಸಾಯುವುದಾ?”

“ಟಾರ್ಚ್ ಎಂತಕ್ಕೆ?” ನಾನು ನಕ್ಕೆ. “ಮಳೆ ಬಿಟ್ಟಿತ್ತು. ಗುಡ್ಡೆಯಿಡೀ ಹಾಲು ಚೆಲ್ಲಿದ ಹಾಗೆ ಬೆಳದಿಂಗಳು! ಪಾಲೆಯ ಎಲೆ ಎಣಿಸ್ಬಹುದಿತ್ತು.”

ಉಗ್ಗಪ್ಪಣ್ಣ ಖಾಲಿ ಲೋಟದೊಳಗೆ ನೋಡಿದ, ಆಮೇಲೆ ನನ್ನನ್ನು ನೋಡಿದ.

“ಅಮಾವಾಸ್ಯೆಗೆ ಬೆಳದಿಂಗಳಾ ಮಾಷ್ಟ್ರೇ?”

ಸತ್ಯವತಿ ತನ್ನ ಲೋಟವನ್ನು ಮೆಲ್ಲ ನನ್ನ ಮುಂದಿಟ್ಟಳು. “ಇದನ್ನೂ ನೀವೇ ಕುಡೀರಿ. ನಾನು ಅಮಾವಾಸ್ಯೆ ಬಂದ ಮೇಲೆ ಕುಡಿತೇನೆ.”

ನಿಜವಾದ ಅಮಾವಾಸ್ಯೆಯೂ ಬಂತು. ಆ ದಿನ ಕತ್ತಲೆ ಎಂದರೆ ಕತ್ತಲೆ. ಉಗ್ಗಪ್ಪಣ್ಣ ತಾನೇ ಕಷಾಯ ಮಾಡಿಸಿ, ಸುತ್ತಿನ ಮನೆಯವರನ್ನೆಲ್ಲ ಕಟ್ಟಿಕೊಂಡು ಬಂದು, ನನ್ನ ಕೈಗೆ ಎಲ್ಲರಿಗಿಂತ ದೊಡ್ಡ ಲೋಟ ಕೊಟ್ಟ.

“ಮೊದಲು ಮಾಷ್ಟ್ರು ಕುಡೀಲಿ,” ಅಂದ. “ಇವರ ಮುಖ ನೋಡಿ ತಿಥಿ ಹೌದಾ ಅಲ್ಲವಾ ಹೇಳುವ.”