ಸಣ್ಣ ತಂತಿಯ ಬಿರಡೆಯವರ ಸನ್ನಿಧಾನಕ್ಕೆ

ರಬಕವಿ, ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ. ೧೯೮೨.

ಪಿಟೀಲಿನ ಸಣ್ಣ ತಂತಿಯನ್ನು ಬಿಗಿಹಿಡಿಯುವ ಹುದ್ದೆಗೆ ಮಿರಜಿನಿಂದ ಹೊಸದಾಗಿ ದಯಮಾಡಿಸಿರುವ ಮಾನ್ಯ ಬಿರಡೆಯವರೇ,

ತಮ್ಮ ನುಣುಪಾದ ಕರಿಯ ಮೈಗೂ ಯಾರಿಗೂ ಬಾಗದ ತಲೆಗೂ ಈ ಓಣಿಯ ಸಮಸ್ತ ನೇಕಾರರ ಪರವಾಗಿ ನಮಸ್ಕಾರಗಳು. ಇಂದು ಬೆಳಗಿನಿಂದ ಕರೆಂಟ್ ಇಲ್ಲ, ಪವರ್‌ಲೂಮುಗಳು ಸುಮ್ಮನಿವೆ, ಹೀಗಾಗಿ ತಾವು ಜಾರುವ 'ಕಿರ್ರ್' ಎಂಬ ಸದ್ದನ್ನು ಸ್ಪಷ್ಟವಾಗಿ ಕೇಳುವ ಭಾಗ್ಯ ಎಲ್ಲರಿಗೂ ಒದಗಿತು. ನೀರಿಗೆ ಹೊರಟ ಹೆಂಗಸರು ಕೂಡ "ಮತ್ತ ಜಾರಿತೇನ್ರಿ ಸಿದರಾಯಣ್ಣ?" ಎಂದು ವಿಚಾರಿಸಿಕೊಂಡೇ ಮುಂದೆ ಹೋಗುತ್ತಿದ್ದಾರೆ. ಎಲ್ಲರೂ ಕೇಳಿದ ಮೇಲೆ ಈ ಪತ್ರವನ್ನೂ ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ಈ ಮನೆಗೆ ಹೊಸಬರು, ಆದ್ದರಿಂದ ವಿಷಯ ಗೊತ್ತಿರಲಿಕ್ಕಿಲ್ಲ. ಈ ಪಿಟೀಲು ನನ್ನ ಹೆಂಡತಿ ಶಿವವ್ವನದು; ನಾಟಕ ಕಂಪನಿಯಲ್ಲಿ ಬಾರಿಸುತ್ತಿದ್ದ ಅವಳ ಅಪ್ಪನಿಂದ ಬಂದದ್ದು. ಅವಳು ತೀರಿಕೊಂಡ ಮೇಲೆ ಪೆಟ್ಟಿಗೆಯನ್ನು ಯಾರೂ ತೆರೆಯಲಿಲ್ಲ. ಬೇಸಿಗೆಗೆ ಒಣಗಿ ತಮ್ಮ ಹಿಂದಿನವರು ಸೀಳಿಹೋದರು. ನಾಳೆ ಅವಳ ವರ್ಷದ ಭಜನೆ. ಲೋಕಾಪುರಕ್ಕೆ ಕೊಟ್ಟ ಮಗಳು ಪದ್ಮವ್ವ, ಬಾರಿಸಿದರೆ ಅವ್ವನ ಪಿಟೀಲನ್ನೇ ಬಾರಿಸುತ್ತೇನೆಂದು ಬಂದು ಕೂತಿದ್ದಾಳೆ. ಒಂದು ವರ್ಷದಿಂದ ಈ ಮನೆಯಲ್ಲಿಲ್ಲದ ದನಿ ಒಂದು ಸಂಜೆಯ ಮಟ್ಟಿಗೆ ಮರಳುವುದೋ ಇಲ್ಲವೋ ಎಂಬುದು ಈಗ ತಮ್ಮ ಮರ್ಜಿಗೆ ಬಿಟ್ಟದ್ದು.

ಸ್ವಾಗತದಲ್ಲಿ ನಾವು ಕೊರತೆ ಮಾಡಲಿಲ್ಲ. ತಾವು ತೂತಿಗಿಂತ ದಪ್ಪಗಿದ್ದಿರಿ. ಮಗ್ಗ ರಿಪೇರಿ ಮಾಡುವ ಬಡಿಗ ಶಂಕರೆಪ್ಪ ಗಾಜಿನ ಚೂರಿನಿಂದ ಹೆರೆದು ಅಳತೆಗೆ ತಂದ. ತಿರುವಿದಾಗ ತಾವು ಕಿರುಗುಟ್ಟಿದಿರಿ. ನಮ್ಮಲ್ಲಿ ಕಟ್ಟಿಗೆ ಕಿರುಗುಟ್ಟಿದರೆ ಎಣ್ಣೆ ಬಿಡುವುದು ಪದ್ಧತಿ, ಮಗ್ಗಕ್ಕೂ ಅದೇ, ತೊಟ್ಟಿಲಿಗೂ ಅದೇ. ನಾನು ಶೇಂಗಾ ಎಣ್ಣೆ ಬಿಟ್ಟೆ. ತಾವು ಎಷ್ಟು ಸಂತುಷ್ಟರಾದಿರೆಂದರೆ ಅಂದಿನಿಂದ ಯಾವ ಸ್ವರದ ಹಂಗಿಗೂ ನಿಂತಿಲ್ಲ. ಜಾರಿಕೆಗೆ ಮದ್ದೆಂದು ನೂಲಿಗೆ ಹಚ್ಚುವ ಗಂಜಿಯನ್ನು ಹಚ್ಚಿದೆವು. ಅದು ಒಣಗಿದ ಮೇಲೆ ತಾವು ಜಾರಲೂ ಇಲ್ಲ, ತಿರುಗಲೂ ಇಲ್ಲ. ಇರುವೆಗಳು ಮಾತ್ರ ಸಾಲು ಹಿಡಿದು ದರ್ಶನಕ್ಕೆ ಬಂದವು. ಗಂಜಿಯನ್ನು ಕೆರೆದು ತೆಗೆದ ಕೂಡಲೇ ಮತ್ತೆ ಜಾರತೊಡಗಿದಿರಿ.

"ಒಂದ್ ಸಣ್ಣ ಬೆಣಿ ಹೊಡದ್ರ ಆತಲೇ ಸಿದರಾಯ, ಇವನಪ್ಪ ಬಂದ್ರೂ ಅಳ್ಳಾಡೂದಿಲ್ಲ" ಎಂದು ಶಂಕರೆಪ್ಪ ಸುತ್ತಿಗೆ ಎತ್ತಿದ. ಪದ್ಮವ್ವ ಪಿಟೀಲನ್ನು ಎದೆಗವಚಿಕೊಂಡು "ಇದು ಮಗ್ಗ ಅಲ್ಲರೀ ಕಾಕಾ, ದೂರ ಸರೀರಿ" ಎಂದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾರ್ಮೋನಿಯಂ ನಿಂಗಣ್ಣ, "ಯಾಕ ತ್ರಾಸ ತಗೋತೀರಿ? ನನ್ನ ಪೇಟಿ ಐತಲ್ಲ. ಒತ್ತಿದ್ರ ಹಾಡತೈತಿ, ಸಿಟ್ಟಾಗಂಗಿಲ್ಲ" ಎಂದ. ಈ ಮಾತು ತಮಗೂ ಕೇಳಿಸಿರಬೇಕು.

ಮಾನ್ಯರೇ, ತಮ್ಮ ಸ್ವಾಭಿಮಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಓಣಿಯ ನಲ್ಲಿ ಕೂಡ ಯಾವಾಗಲಾದರೊಮ್ಮೆ ಕೊಟ್ಟ ಮಾತಿನಂತೆ ನೀರು ಬಿಡುತ್ತದೆ. ತಾವು ಅದನ್ನೂ ಮೀರಿಸಿದಿರಿ. ನನ್ನ ವಿನಂತಿ ಇಷ್ಟೇ. ನಾಳೆಯ ಮಟ್ಟಿಗೆ ಎಣ್ಣೆಯನ್ನು ಮರೆಯಬೇಕು, ಗಂಜಿಯನ್ನು ಕ್ಷಮಿಸಬೇಕು. ತಾವು ಹುಟ್ಟಿದ ಮರ ಯಾವ ಅಡವಿಯಲ್ಲಿದ್ದರೂ ಹುಡುಕಿಕೊಂಡು ಹೋಗಿ ಅದರ ಬುಡಕ್ಕೆ ಒಂದು ಕೊಡ ನೀರು ಹಾಕಿ ಬರುತ್ತೇನೆ. ಅದೂ ಸಾಲದಿದ್ದರೆ ಭಜನೆ ಮುಗಿಯುವವರೆಗೆ ತಮ್ಮ ಬದಲಿಗೆ ನಾನೇ ಆ ತೂತಿನಲ್ಲಿ ನಿಲ್ಲುತ್ತೇನೆ, ತಂತಿಯನ್ನು ನನ್ನ ಕುತ್ತಿಗೆಗೆ ಸುತ್ತಲಿ.

ಈಗ ಸ್ವಲ್ಪ ಹೊತ್ತಿನ ಹಿಂದೆ ಪದ್ಮವ್ವ ತಮ್ಮನ್ನು ಬಿಚ್ಚಿ, ಮೈ ಒರೆಸಿ, ಸೀಮೆಸುಣ್ಣ ಹಚ್ಚಿ ಮತ್ತೆ ಕೂಡಿಸಿದಳು. "ಬರೇ ತಿರುವಿದ್ರ ನಿಲ್ಲೂದಿಲ್ಲಪ್ಪಾ. ತಿರುವಕೋತ ಒಳಗ ಒತ್ತಬೇಕು. ಅವ್ವ ಹಂಗ ಮಾಡ್ತಿದ್ಲು" ಎಂದಳು. ಹಾಗೆ ಒತ್ತುವಾಗ ಅವಳ ತುಟಿ ಬಿಗಿದು ಗದ್ದದಲ್ಲೊಂದು ಗುಳಿ ಬಿತ್ತು. ಶಿವವ್ವನಿಗೂ ಅಲ್ಲೇ ಬೀಳುತ್ತಿತ್ತು. ಶ್ರುತಿ ಮಾಡುವಾಗ ಅವಳ ಆ ಮುಖ ಕಂಡು, ನನ್ನ ಮೇಲೆ ಏನೋ ಸಿಟ್ಟು ಬಂದಿದೆ ಎಂದು ತಿಳಿದು ನಾನು ಸದ್ದಿಲ್ಲದೆ ಎದ್ದು ಹೊರಗೆ ಹೋಗುತ್ತಿದ್ದೆ. ಸಂಸಾರದ ಉದ್ದಕ್ಕೂ ನನ್ನದೆಂದು ಹೊತ್ತುಕೊಂಡ ಆ ಸಿಟ್ಟು ತಮ್ಮ ಹಿಂದಿನವರಿಗೆ ಸಲ್ಲತಕ್ಕದ್ದಾಗಿತ್ತು. ಅದನ್ನು ಇಂದು ತಮ್ಮ ಹೆಸರಿಗೆ ವರ್ಗಾಯಿಸಿದ್ದೇನೆ, ದಯವಿಟ್ಟು ಸ್ವೀಕರಿಸಬೇಕು.

ಇದನ್ನು ಬರೆಯುವ ಹೊತ್ತಿಗೆ ತಾವು ನಿಂತಿದ್ದೀರಿ. ಎಷ್ಟು ಹೊತ್ತು ಎಂದು ಕೇಳುವ ಧೈರ್ಯ ನನಗಿಲ್ಲ.

ತಮ್ಮ ಕಿವಿ ಹಿಂಡಿ ಹಿಂಡಿ ಬೆರಳು ಸವೆಸಿಕೊಂಡ ವಿಶ್ವಾಸಿ,
ಸಿದರಾಯ

ತಾ.ಕ.: ನಾಳೆ ಊಟಕ್ಕೆ ಓಣಿಯವರೆಲ್ಲ ಬರುತ್ತಾರೆ, ಒಲೆಗೆ ಒಣಕಟ್ಟಿಗೆ ಸಾಲದೆಂದು ಅಡಿಗೆಯವರು ಹೇಳುತ್ತಿದ್ದಾರೆ, ತಮ್ಮ ಕಿವಿಗೂ ಬಿದ್ದಿರಲಿ ಎಂದು ಬರೆದೆ, ಅಷ್ಟೇ. ಭಜನೆ ಸಂಜೆ ಆರಕ್ಕೆ. ಪೇಟಿ ತರುವುದು ಬೇಡವೆಂದು ನಿಂಗಣ್ಣನಿಗೆ ಹೇಳಿ ಕಳಿಸಿದ್ದೇನೆ.