ಡಾಕ್ಟರಿಗೇ ಧೈರ್ಯ ಹೇಳಿದ ಮಾವ

ಹರಪನಹಳ್ಳಿಯಲ್ಲಿ ನಮ್ಮ ಸೋದರಮಾವ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತಾಗಲಾದರೂ ಸುಮ್ಮನಿರಬೇಡವೇ? ಅಗಿಯುತ್ತಲೇ ಮಾತಾಡುತ್ತಿದ್ದ! ಬಸ್ ಸ್ಟ್ಯಾಂಡಿನ ಹತ್ತಿರ ಅವನದು ರೇಡಿಯೋ ರಿಪೇರಿ ಅಂಗಡಿ. ರಿಪೇರಿಯಾದ ರೇಡಿಯೋ ಹಾಡುತ್ತದೋ ಇಲ್ಲವೋ ತಿಳಿಯಲು ಗಿರಾಕಿಗಳು ಅದನ್ನು ಮನೆಗೇ ಒಯ್ಯಬೇಕಿತ್ತು. ಅಂಗಡಿಯಲ್ಲಿ ಮಾವನ ಸ್ಟೇಶನ್ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ಅವನ ಒಬ್ಬಳೇ ಮಗಳು ಗಿರಿಜಾ, ಹೈಸ್ಕೂಲು ಸೇರಿದ ವರ್ಷವೇ ಮೆದುಳು ಜ್ವರ ಬಂದು ತೀರಿಕೊಂಡಳು. ಆಗಲೂ ಮಾವನ ಮಾತು ನಿಲ್ಲಲಿಲ್ಲ. ಸಮಾಧಾನ ಹೇಳಲು ಬಂದವರಿಗೆ, ಎಮ್ಮೆ ಕೊಳ್ಳುವಾಗ ಏನೇನು ನೋಡಬೇಕೆಂದು ಹೇಳಿಕೊಟ್ಟು ಕಳಿಸಿದ! "ಗಟ್ಟಿ ಮನ್ಷ ಬಿಡ್ರಿ" ಎಂದು ಅವರೂ ಹೊಗಳಿ ಹೋದರು. ಮಗಳ ಹೆಸರನ್ನು ಅತ್ತೆ ಎತ್ತಿದರೆ ಸಾಕು, ಮಾವನಿಗೆ ಜೋಳದ ರೇಟು, ಯಾರದೋ ಮದುವೆ, ಕರೆಂಟಿನ ಕಾಟ ಎಲ್ಲ ಒಟ್ಟಿಗೇ ನೆನಪಾಗುತ್ತಿತ್ತು. ಕೊನೆಗೆ ಅವಳು ಹೆಸರೆತ್ತುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಿದ್ದಳು. ಆ ಮನೆಗೆ ಹೋಗಲು ನನಗೆ ಸಂಕಟವಾಗುತ್ತಿತ್ತು.

ಮಾವ ಸೊರಗಿದ. ಅನ್ನ ಸೇರದು, ನಿದ್ದೆ ಹತ್ತದು. ಊರಿನ ಡಾಕ್ಟರು ರೋಗವೇ ಸಿಗದೆ, ದಾವಣಗೆರೆಯ ಮನೋವೈದ್ಯರ ಹತ್ತಿರ ಹೋಗಲು ಹೇಳಿದರು.

"ಹುಚ್ಚರ ಡಾಕ್ಟ್ರಂತ! ಶಾಕ್ ಕೊಡ್ತಾನಂತ! ಕರೆಂಟಿನ ಕೆಲಸ ಮಾಡೋ ನನಗಾ ಶಾಕು?"

ಬೈದರೂ ಹೊರಟ. ಇಂಜೆಕ್ಷನ್ನಿಗೆ ಅನುಕೂಲವಾಗಲೆಂದು ಸಡಿಲ ತೋಳಿನ ಅಂಗಿ ತೊಟ್ಟ. ಯಾರೂ ಕೇಳದಿದ್ದರೂ ಪರೀಕ್ಷೆಗೆಂದು ಬಾಟಲಿಯಲ್ಲಿ ಮೂತ್ರ ತುಂಬಿಕೊಂಡ. ದಾವಣಗೆರೆಯವರೆಗೂ ಬಸ್ಸಿನಲ್ಲಿ ಅದನ್ನು ಹಿಡಿದು ಕೂತ ಪುಣ್ಯವಂತ ನಾನು!

ಡಾಕ್ಟರು ಬಾಟಲಿ ಮುಟ್ಟಲಿಲ್ಲ. ಸೂಜಿಯಿಲ್ಲ, ಶಾಕಿಲ್ಲ. ಕುರ್ಚಿ ತೋರಿಸಿ "ಹೇಳ್ರಿ" ಎಂದರು. ಮಾವ ಹೇಳಿದ್ದೇ ಹೇಳಿದ್ದು, ಅವರು ಕೇಳಿದ್ದೇ ಕೇಳಿದ್ದು. ಹೊರಗೆ ಬಂದ ಮಾವನ ಮುಖದ ತುಂಬ ಕನಿಕರ.

"ಪಾಪ, ಆ ಡಾಕ್ಟ್ರಿಗೆ ಮಾತಾಡ್ಸೋರು ಯಾರೂ ಇಲ್ಲ ಕಾಣ್ತೈತಿ. ಮುಂದಿನ ವಾರನೂ ಬರ್ರಿ ಅಂದಾನ."

"ಮಾವಾ, ರೋಗಿ ನೀನಲ್ಲೇನು?"

"ಸುಮ್ನಿರಲೇ. ನಾನು ಧೈರ್ಯ ಹೇಳಿ ಬಂದೀನಿ."

ಹೀಗೆ ಡಾಕ್ಟರ ಒಂಟಿತನ ವಾಸಿ ಮಾಡಲು ಮಾವ ವಾರವಾರ ಹೋಗತೊಡಗಿದ! ಒಮ್ಮೆ ಅವರಿಗೆಂದು ಚಕ್ಕುಲಿಯನ್ನೂ ಕಟ್ಟಿಸಿಕೊಂಡ. ನಾನು ಬಾಗಿಲಾಚೆ ಬೆಂಚಿನ ಮೇಲೆ ಕಾಯುತ್ತಿದ್ದೆ.

ಒಂದು ಸಲ ಒಳಗಿನಿಂದ ಮಾವನ ದನಿಯೇ ಬರಲಿಲ್ಲ. ಗಾಬರಿಯಾಗಿ ಎದ್ದು ನಿಂತೆ. ಆಮೇಲೆ ಕೇಳಿಸಿದ್ದು ಅಳು. ಅವನು ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬಸ್ಸು ಊರು ಮುಟ್ಟುವ ಹೊತ್ತಿಗೆ ಬಾಯಿಬಿಟ್ಟ. "ಗಿರಿಜಾ ಎಂಥಾಕಿ ಇದ್ಲು ಅಂತ ಕೇಳಿದ್ರು. ಇಷ್ಟು ದಿನ ಯಾರೂ ಕೇಳಿದ್ದಿಲ್ಲ. ಕೇಳಾಕ ನಾ ಬಿಟ್ಟಿದ್ದಿಲ್ಲ." ಬಸ್ಸಿಳಿಯುತ್ತ, "ನಿಮ್ಮತ್ತೀನ ನಾನೂ ಕೇಳಿಲ್ಲ ನೋಡಲೇ" ಎಂದ.

ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಮಾವ ಹೋಗಿ ಒಲೆಯ ಪಕ್ಕ ನೆಲದ ಮೇಲೆ ಕೂತ.

"ಗಿರಿಜಾನ್ ಸುದ್ದಿ ಹೇಳು. ನಾ ಕೇಳ್ತೀನಿ."

ಅತ್ತೆಯ ಕೈ ನಿಂತಿತು. ನಂಬಿಕೆಯಾಗದೆ ಗಂಡನ ಮುಖ ನೋಡಿದಳು.

"ಅಕೀಗೆ... ಅಂಚು ಸೀದ ರೊಟ್ಟೀನೇ ಬೇಕಾಗ್ತಿತ್ರಿ" ಎಂದವಳು, ಸೆರಗು ಬಾಯಿಗೆ ಒತ್ತಿ ಬಿಕ್ಕಿದಳು.

ಮಾವ ಅವಳ ಹಿಟ್ಟಿನ ಕೈ ಹಿಡಿದುಕೊಂಡು, ಅವಳ ಬಿಕ್ಕು ನಿಲ್ಲುವವರೆಗೂ ಕಾದ. ಆಮೇಲೆ ಮೆಲ್ಲಗೆ ಕೇಳಿದ:

"ಹೂಂ, ಮತ್ತ?"