ಅಳಿಯನ ಪ್ರಬಂಧ, ಅತ್ತೆಯ ಪ್ರಚಾರ

ಅತ್ತೆಯವರು ಕಸದ ಬುಟ್ಟಿ ಹಿಡಿದು ಮೆಟ್ಟಿಲಿಳಿದಾಗ ಭಾನುವಾರ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ. ಕೆಳಗೆ ಕಟ್ಟಡದ ಸಂಘದ ಕಾರ್ಯದರ್ಶಿ ಎದುರಾದರು. ಅಳಿಯ ವರ್ಷಗಟ್ಟಲೆ ಬೆವರು ಸುರಿಸಿ ಬರೆದ ಪ್ರಬಂಧ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದರು ಅತ್ತೆ. ಯಾವುದರ ಬಗ್ಗೆ ಎಂದು ಅವರು ಕೇಳಿದ್ದಕ್ಕೆ, ಕ್ಯಾನ್ಸರ್ ಎಂದರು. ಅಷ್ಟೇ ಸಾಕಾಯಿತು. ಸುದ್ದಿ ಬಾಯಿಂದ ಬಾಯಿಗೆ ದಾಟಿ ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಪ್ರಬಂಧ ಮಾತ್ರೆಯಾಗಿತ್ತು. ಎದುರು ಕಟ್ಟಡಕ್ಕೆ ಹೋಗುವಷ್ಟರಲ್ಲಿ ಇಂಜೆಕ್ಷನ್ನೂ ಆಗಿತ್ತು.

ಪ್ರಬಂಧದಲ್ಲಿದ್ದ ಸಂಗತಿಯೇ ಬೇರೆ. ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸುತ್ತವೆ. 'ಬೆಳೆ' ಎಂದರೆ ಬೆಳೆಯಬೇಕು, 'ಸಾಕು' ಎಂದರೆ ನಿಲ್ಲಬೇಕು. ಕೆಲವು ಕೋಶಗಳು 'ಸಾಕು' ಎಂಬುದನ್ನು ಕಿವಿಗೇ ಹಾಕಿಕೊಳ್ಳದೆ ಬೆಳೆಯುತ್ತ ಹೋಗುತ್ತವೆ. ಆ ಸಂದೇಶ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಸಂಶೋಧಕನಾದ ಅಳಿಯ ಪತ್ತೆ ಮಾಡಿದ್ದ, ಅದೂ ಒಂದೇ ಬಗೆಯ ಕೋಶದಲ್ಲಿ, ಗಾಜಿನ ತಟ್ಟೆಯೊಳಗೆ. ಮನುಷ್ಯರ ನಾಡಿ ಹಿಡಿದವನೇ ಅಲ್ಲ. ನೆತ್ತರು ಕಂಡರೆ ತಲೆ ತಿರುಗುವ ಆಸಾಮಿ.

ಕರೆಗಂಟೆ ಸದ್ದಾಯಿತೆಂದು ಸಂಶೋಧಕ ಬ್ರಷ್ ಕಚ್ಚಿಕೊಂಡೇ ಬಾಗಿಲು ತೆರೆದರೆ, ಕಾರ್ಯದರ್ಶಿ ಅಂಗಿ ಎತ್ತಿ ಬೆನ್ನು ತೋರಿಸಿಕೊಂಡು ನಿಂತಿದ್ದರು.

"ಈ ಮಚ್ಚೆ ಒಂದ್ಸಲ ನೋಡ್ಬಿಡಿ ಡಾಕ್ಟ್ರೇ."

"ನಾನು ಆ ಡಾಕ್ಟರಲ್ಲ ಸಾರ್. ತಟ್ಟೆಯಲ್ಲಿರೋ ಕೋಶ ನೋಡೋನು."

"ತಟ್ಟೆ ತಾನೇ? ನಮ್ಮನೆಯಿಂದ್ಲೇ ತರ್ತೀನಿ."

ಅವರ ಹಿಂದೆ ಕೆಳಮನೆಯ ದರ್ಜಿ, ಬಾಯಲ್ಲಿ ವಾಸಿಯಾಗದ ಹುಣ್ಣು. ಅವನ ಹಿಂದೆ ಗಂಟಲು ಕಟ್ಟಿದ ಸಂಗೀತದ ಮೇಷ್ಟ್ರು. ಯಾರೋ ಹಳೆಯ ಎಕ್ಸ್‌ರೇ ತಂದಿದ್ದರು, ಯಾರೋ ಬೆಕ್ಕನ್ನೇ ತಂದಿದ್ದರು. ಅತ್ತೆ ಅಕ್ಕಪಕ್ಕದ ಮನೆಗಳಿಂದ ಕುರ್ಚಿ ತರಿಸಿ, ಸಾಲಾಗಿ ಹಾಕಿಸಿ, ಎಲ್ಲರಿಗೂ ಚಹಾ ಕೊಟ್ಟರು. ಸಂಶೋಧಕ ಒಬ್ಬೊಬ್ಬರಿಗೂ, ಹೋಗಿ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಹೇಳಿ ಸುಸ್ತಾದ. ಮುಟ್ಟದೆಯೇ ಇಷ್ಟು ಹೇಳುವವರು ಮುಟ್ಟಿದರೆ ಇನ್ನೆಷ್ಟು ಹೇಳಿಯಾರು ಎಂದು ಜನ ಕೂತಲ್ಲಿಂದ ಏಳಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಬೀದಿಮೂಲೆಯ ಡಾಕ್ಟರು ದುಮುಗುಡುತ್ತ ಬಂದರು. ಬೆಳಗಿನಿಂದ ಅವರ ಕ್ಲಿನಿಕ್ಕಿಗೆ ನೊಣ ಬಿಟ್ಟರೆ ಯಾರೂ ಬಂದಿರಲಿಲ್ಲ. ಯಾವ ಕಾಲೇಜಿನಲ್ಲಿ ವೈದ್ಯಕೀಯ ಓದಿದ್ದು ಎಂದು ಜಬರಿಸಿ, ಅವನು ಕೆಲಸ ಮಾಡುವ ಸಂಸ್ಥೆಯ ನಿರ್ದೇಶಕರಿಗೆ ದೂರು ಕೊಡುವುದಾಗಿ ಹೆದರಿಸಿದರು. ಸಂಶೋಧಕ ಕೈಮುಗಿದ.

"ನಾನು ಎಲ್ಲರಿಗೂ ಹೇಳಿದ್ದು ನಿಮ್ಮ ಹತ್ರ ಹೋಗಿ ಅಂತಾನೇ ಸಾರ್."

"ಮತ್ತೆ ಯಾಕೆ ಬರ್ಲಿಲ್ಲ?"

ದರ್ಜಿ ತಲೆ ತಗ್ಗಿಸಿಕೊಂಡು ಹೇಳಿದ: "ಬಂದ್ರೆ ನೀವು ಏನಾದ್ರೂ ಇದೆ ಅಂದ್ಬಿಡ್ತೀರಲ್ಲ ಸಾರ್."

ಡಾಕ್ಟರ ಸಿಟ್ಟು ಒಲೆಯಿಂದಿಳಿಸಿದ ಹಾಲಿನಂತೆ ತಣ್ಣಗೆ ಕೆಳಗಿಳಿಯಿತು. ಎಲ್ಲರೂ ಈಗಲೇ ಕ್ಲಿನಿಕ್ಕಿಗೆ ನಡೆಯಿರಿ ಎಂದರು. ಸಂಶೋಧಕ ಮುಂದೆ ನಡೆದರೆ ಮಾತ್ರ ಎಂದು ಜನ ಪಟ್ಟು ಹಿಡಿದರು. ಹಾಗಾಗಿ ಅವನು ಮದುವಣಿಗನಂತೆ ಮುಂದೆ, ದಿಬ್ಬಣದಂತೆ ಇಡೀ ಕಟ್ಟಡ ಹಿಂದೆ.

ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ದರ್ಜಿಯ ಹುಣ್ಣಿಗೆ ಕಾರಣ ಒಂದು ಚೂಪು ಹಲ್ಲು ಎಂದು ಗೊತ್ತಾಯಿತು. ಸಂಜೆಯಾಗಿ ಬೆಂಚು ಖಾಲಿಯಾದಾಗ ಅತ್ತೆಯೊಬ್ಬರೇ ಉಳಿದಿದ್ದರು. ಮನೆಗೆ ಹೋಗೋಣವೇ ಎಂದು ಅಳಿಯ ಕೇಳಿದ. ಅವರು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು.

"ಎದೇಲಿ ಒಂದು ಗಂಟಿದೆ ಅಳಿಯಂದ್ರೇ. ಮಗಳಿಗೂ ಹೇಳಿಲ್ಲ. ಒಬ್ಳೇ ಬರೋಕೆ ಕಾಲೇ ಏಳ್ಲಿಲ್ಲ. ಅದಕ್ಕೇ ಊರನ್ನೆಲ್ಲ ಎಬ್ಬಿಸ್ದೆ."

ವರ್ಷಗಟ್ಟಲೆ ಕೋಶಗಳ ಪಿಸುಮಾತಿಗೆ ಕಿವಿಗೊಟ್ಟವನಿಗೆ, ಅಡುಗೆಮನೆಯಲ್ಲಿ ಓಡಾಡುತ್ತಿದ್ದ ಈ ಒಂದು ಮಾತು ಕೇಳಿಸಿರಲಿಲ್ಲ. ಅವರ ಕೈ ಹಿಡಿದುಕೊಂಡೇ ಒಳಗೆ ನಡೆದ.

ಪರೀಕ್ಷೆಯಲ್ಲಿ ಅದು ಕ್ಯಾನ್ಸರೇ ಎಂದಾಯಿತು. ಆದರೆ ಬಟಾಣಿಯಷ್ಟಿದ್ದಾಗಲೇ ಸಿಕ್ಕಿಬಿದ್ದಿತ್ತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಇಷ್ಟು ಬೇಗ ಬಂದದ್ದು ಒಳ್ಳೆಯದಾಯಿತು, ಧೈರ್ಯವಾಗಿರಿ ಎಂದರು ಆಸ್ಪತ್ರೆಯವರು. ಆಸ್ಪತ್ರೆಯಿಂದ ಮರಳಿದ ದಿನ ಅತ್ತೆ ನಿಧಾನವಾಗಿ, ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲು ಹತ್ತಿ ಬಂದರು. ಪ್ರತಿ ಮಹಡಿಯಲ್ಲೂ ನಿಂತು, ಅಳಿಯನ ಪ್ರಬಂಧ ಇಲ್ಲದಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂದು ಸಾರಿದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಮೂಲೆಯ ಡಾಕ್ಟರು, ಕುತ್ತಿಗೆಯ ಗುಂಡಿ ಬಿಚ್ಚಿಕೊಂಡು ನಿಂತಿದ್ದರು.

"ಇಲ್ಲೊಂದು ಊತ, ಸುಮಾರು ದಿನ ಆಯ್ತು. ಎಲ್ಲರನ್ನೂ ನೋಡೋನು ನಾನು, ನನ್ನನ್ನ ನೋಡೋರ್ಯಾರು? ಹೋಗಿ ತೋರ್ಸಿ ಅಂತ ನೀವೊಂದು ಮಾತು ಹೇಳ್ಬಿಡಿ. ಧೈರ್ಯ ಬರುತ್ತೆ."

ಸಂಶೋಧಕ ಚಪ್ಪಲಿ ಮೆಟ್ಟಿಕೊಂಡ. "ನಡೀರಿ, ದೊಡ್ಡಾಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ."

ಬಾಗಿಲೆಳೆದುಕೊಂಡು ತಿರುಗಿ ನೋಡಿದರೆ, ಡಾಕ್ಟರ ಹಿಂದೆ ಅವರ ಅಷ್ಟೂ ರೋಗಿಗಳು ಮೆಟ್ಟಿಲುದ್ದಕ್ಕೂ ಸಾಲು ನಿಂತಿದ್ದರು. ಸಾಲಿನ ಬಾಲ ಬೀದಿಯಲ್ಲಿತ್ತು.